ಮುದ್ದೆ ಅಗಿದ ಭಾನುವಾರ

"ಇವತ್ತಿನಿಂದ ಈ ಮನೆಯಲ್ಲಿ ಯಾರೂ ಊಟ ನುಂಗುವ ಹಾಗಿಲ್ಲ. ಅಗಿಯಬೇಕು!"

ಪ್ರಮೀಳಾ ಹೀಗೆಂದು ಅಪ್ಪಣೆ ಹೊರಡಿಸಿದಾಗ ಅವಳ ಒಂದು ಕೈಯಲ್ಲಿ ವಾರಪತ್ರಿಕೆಯಿತ್ತು, ಇನ್ನೊಂದು ಕೈಯಲ್ಲಿ ಸೌಟು. ನಿಂತಿದ್ದು ಅಡುಗೆಮನೆಯ ಹೊಸ್ತಿಲ ಮೇಲಾದರೂ ಸಿಂಹಾಸನದ ಮೇಲೆ ನಿಂತಷ್ಟೇ ಗತ್ತು! ತೊಂಬತ್ತರ ದಶಕ ಅರ್ಧ ಕಳೆದಿದ್ದ ಕಾಲ. ಅಕ್ಕಿಹೆಬ್ಬಾಳಿನ ಆ ಹೆಂಚಿನ ಮನೆಗೆ ಗ್ಯಾಸ್ ಒಲೆ ಬಂದಿತ್ತು, ಆದರೆ ಮುದ್ದೆ ಮಾತ್ರ ಸೌದೆ ಒಲೆಯ ಮೇಲೇ ಬೇಯಬೇಕಿತ್ತು. ರಾಗಿಹಿಟ್ಟಿನ ಹಬೆ ಸೂರು ದಾಟಿ ಬೀದಿಗೆ ಹೋದರೆ, ಗದ್ದೆಯಲ್ಲಿದ್ದವರಿಗೂ ಹೊತ್ತೆಷ್ಟಾಯಿತು ಅಂತ ತಿಳಿಯುತ್ತಿತ್ತು.

ಮೈಸೂರಿನಲ್ಲಿ ಹುಟ್ಟಿ, ಮೈಸೂರಿನಲ್ಲೇ ಓದಿ, ಈ ಮನೆಗೆ ಸೊಸೆಯಾಗಿ ಬಂದ ಪ್ರಮೀಳಾಗೆ ಎರಡು ಆಸ್ತಿ. ಒಂದು, ಇನ್ನೂ ಮೂರು ತುಂಬದ ಮಗ ಶಿವು. ಇನ್ನೊಂದು, ಹೆದರಿಕೆ. ಶಿವು ಒಂದು ಸಲ ಸೀನಿದರೆ ಮೈಸೂರಿನ ಅಮ್ಮನಿಗೆ ಕಾಗದ, ಎರಡು ಸಲ ಸೀನಿದರೆ ಎಸ್‌ಟಿಡಿ ಬೂತು! ಮಗು ನಿದ್ದೆ ಮಾಡುತ್ತಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ನೋಡಲು ಎಬ್ಬಿಸುವಳು. ಎದ್ದು ಅತ್ತರೆ ಯಾಕೆ ಅಳುತ್ತಿದೆಯೋ ಎಂದು ಗಾಬರಿಯಾಗುವಳು.

ಇಂಥವಳ ಕಣ್ಣೆದುರಿಗೆ ಅತ್ತೆ ಚಿಕ್ಕಬೋರಮ್ಮ ಒಂದು ದಿನ ಶಿವುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗೋಲಿ ಗಾತ್ರದ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟು "ಗುಳುಂ ಅನ್ಸು ಮಗಾ" ಎಂದುಬಿಟ್ಟಿದ್ದರು. ಪ್ರಮೀಳಾ ಅಲ್ಲೇ ಕಂಬ ಹಿಡಿದುಕೊಂಡಳು. ಗಂಟಲಲ್ಲಿ ಸಿಕ್ಕಿಹಾಕಿಕೊಂಡರೆ? ಆ ಸೀಮೆಯಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಮಗ ದೊಡ್ಡವರನ್ನು ನೋಡಿ ತಾನೇ ಕಲಿಯುವುದು? ಮಗ ಅಗಿಯಬೇಕಾದರೆ ಮೊದಲು ಮನೆ ಅಗಿಯಬೇಕು!

"ಅಲ್ಲ ಕಣವ್ವಾ ಪರ್ಮೀಳಾ," ಅತ್ತೆ ಮುದ್ದೆ ಕೋಲನ್ನು ಪಾತ್ರೆಯಲ್ಲಿ ನಿಲ್ಲಿಸಿ ಕೇಳಿದರು. "ರಾಗಿ ಇಟ್ಟ ಯಾರಾರ ಅಗೀತಾರಾ? ಎಮ್ಮೆ ಮೆಲುಕಾಕ್ದಂಗೆ ಕುಂತ್ಕಂಡ್ರೆ ಗದ್ದೆ ಕೆಲ್ಸ ಯಾರ್ ಮಾಡಾರು?"

"ಅತ್ತೆ, ಜೀರ್ಣ ಆಗೋದು ಬಾಯಲ್ಲೇ ಶುರುವಾಗುತ್ತಂತೆ. ಆರೋಗ್ಯದ ಪುಟದಲ್ಲಿ ಬರೆದಿದಾರೆ."

"ನಮ್ಮೋರ್ಗೆ ಗಂಟಲಿಂದ ಶುರುವಾಯ್ತದೆ. ನಿಮ್ಮಾವ ಇಷ್ಟು ವರ್ಸ ನುಂಗ್ಕಂಡೇ ಬಂದವ್ರೆ. ಏನಾಗೈತೆ?"

"ಮಾವಂಗೆ ಗ್ಯಾಸ್ ಆಗಿದೆ."

"ಅದು ಬೀಡಿಗೆ!"

"ಬೀಡಿ ಸುದ್ದಿ ಯಾಕೆ ತೆಗೀತೀಯೇ ಈಗ?" ಎಂದು ಜಗಲಿಯಿಂದ ಮಾವ ಪುಟ್ಟಸ್ವಾಮಿಯವರ ದನಿ ಬಂತು.

ಪ್ರಮೀಳಾ ಬಿಡಲಿಲ್ಲ. ಪತ್ರಿಕೆ ತೆರೆದು ಓದಿಯೇ ಬಿಟ್ಟಳು. "ಕೇಳಿ ಅತ್ತೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬೇಡಿ, ಸತ್ವವೆಲ್ಲ ಅದರಲ್ಲೇ ಇರುತ್ತದೆ..."

"ಅದ ಬಸ್ಕಂಡೇ ಅಲ್ವಾ ಬಸ್ಸಾರು ಮಾಡದು! ಯಾರ್ ಚೆಲ್ತಾವ್ರೆ? ನಿಮ್ ಮೈಸೂರ್ನಲ್ಲಿ ಚೆಲ್ತಾರಾ?"

ಮೈಸೂರಿನಲ್ಲಿ ಚೆಲ್ಲುತ್ತಿದ್ದರು. ಪ್ರಮೀಳಾ ಮೆಲ್ಲಗೆ ಹಾಳೆ ಮಗುಚಿದಳು.

ಕೊನೆಗೆ ಚಿಕ್ಕಬೋರಮ್ಮನವರೇ ಒಂದು ಒಪ್ಪಂದಕ್ಕೆ ಬಂದರು. "ಆಗ್ಲವ್ವಾ. ಈ ಒಪ್ಪೊತ್ತು ನೀನೇಳ್ದಂಗೆ ಎಲ್ರೂ ಅಗುದು ಉಣ್ತೀವಿ. ರಗಳೆ ಇಲ್ದೆ ಊಟ ಮುಗುದ್ರೆ, ನೀನು ಊಂ ಅನ್ನೋಗಂಟ ನಿನ್ ಮಗನ ಬಾಯಿಗೆ ನಾನು ಇಟ್ಟಿಕ್ಕಲ್ಲ. ಏನಾರ ಎಡವಟ್ಟಾಯ್ತೋ, ಇವತ್ತು ಸಂಜೆಯಿಂದ್ಲೇ ಶಿವು ನನ್ ತೊಡೆ ಮ್ಯಾಲೆ ಕುಂತು ನುಂಗ್ತಾನೆ. ನೀನು ಕಂಬ ಹಿಡ್ಕಬಾರ್ದು."

"ಆಯ್ತು!" ಎಂದಳು ಪ್ರಮೀಳಾ. ಊಟದಲ್ಲಿ ಎಡವಟ್ಟೇನಾಗುತ್ತದೆ? ಜಗಿಯುವುದು ತಾನೇ!

ಹುರುಳಿಕಾಳು, ದಂಟಿನ ಸೊಪ್ಪಿನ ಬಸ್ಸಾರು. ಒಗ್ಗರಣೆಯ ಬೆಳ್ಳುಳ್ಳಿ ವಾಸನೆಗೇ ಅರ್ಧ ಹೊಟ್ಟೆ ತುಂಬುವಂತಿತ್ತು. ನಡುಮನೆಯಲ್ಲಿ ಮಾವ, ಗಂಡ ಕುಮಾರ್, ಅತ್ತೆ ಸಾಲಾಗಿ ಕೂತರು. ಎದುರಿಗೆ ಮಣೆಯ ಮೇಲೆ ಶಿವು, ಎರಡೂ ಕೈಯನ್ನು ಗಲ್ಲಕ್ಕೆ ಆನಿಸಿಕೊಂಡು, ಟೆಂಟ್ ಸಿನಿಮಾದ ಮುಂದಿನ ಸಾಲಿನಲ್ಲಿ ಕೂತವನಂತೆ ಕಣ್ಣರಳಿಸಿ ಕೂತ.

"ಒಂದೊಂದು ತುತ್ತನ್ನೂ ಹಲ್ಲಿಗೊಂದು ಸಲದ ಲೆಕ್ಕದಲ್ಲಿ ಅಗಿಯಿರಿ," ಎಂದಳು ಪ್ರಮೀಳಾ.

ಕುಮಾರ್ ಕೆ.ಆರ್.ಪೇಟೆಯಲ್ಲಿ ಸರ್ಕಾರಿ ನೌಕರ. ಮೇಲಿನವರು ಹೇಳಿದ್ದನ್ನು ಪ್ರಶ್ನಿಸದೆ ಮಾಡಿ ಅಭ್ಯಾಸ. ಒಂದು ತುತ್ತು ಬಾಯಿಗಿಟ್ಟು ಅಗಿದ. ಇನ್ನೂ ಅಗಿದ. ಮುಖ ಕೆಂಪಾಯಿತು.

"ಪ್ರಮೀ, ಅಂಗುಳಕ್ಕೆ ಅಂಟ್ಕೊಂಡಿದೆ ಕಣೇ."

"ನಾಲಿಗೆಯಲ್ಲಿ ಬಿಡಿಸ್ಕೊಳ್ರೀ."

"ಆಲಿಗೇಊ ಅಂಟ್ಕೊಂಡಿಎ!"

ಅತ್ತೆ ಬೇವಿನ ಕಷಾಯ ಕುಡಿದವರ ಮುಖ ಮಾಡಿಕೊಂಡು ಅಗಿಯುತ್ತಿದ್ದರು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಕೋಳಿಯೊಂದು ಒಳಗೆ ಬಂತು. 'ಶೂ' ಎನ್ನಲು ಬಾಯಿ ಬಿಡುವಂತಿಲ್ಲ! ಕೈ ಬೀಸಿದರು. ಕೋಳಿ ಅದನ್ನು ಆಮಂತ್ರಣ ಎಂದುಕೊಂಡು ಇನ್ನಷ್ಟು ಹತ್ತಿರ ಬಂತು.

ಆರಾಮಾಗಿದ್ದವರು ಪುಟ್ಟಸ್ವಾಮಿಯವರು ಮಾತ್ರ. ಗುಳುಂ, ಗುಳುಂ ಎಂದು ಅರ್ಧ ಮುದ್ದೆ ಮುಗಿಸಿದ್ದರು.

"ಮಾವಾ! ಅಗೀತಾ ಇಲ್ಲ ನೀವು!"

"ಅಲ್ಲಿಗೊಂದು ಅಂದ್ಯಲ್ಲವ್ವಾ. ನಂಗೆ ಅಲ್ಲೇ ಇಲ್ಲ. ಲೆಕ್ಕ ಸರಿಯಾಗೈತೆ."

ಪ್ರಮೀಳಾ ಸೋಲುವವಳೇ? ಒಳಗೆ ಓಡಿ ಬೀರು ತೆಗೆದಳು. ನಾದಿನಿ ರಂಜಿತಳ ಮದುವೆಗೆಂದು ಕುಮಾರ್ ಕಟ್ಟಿಸಿಕೊಟ್ಟಿದ್ದ ಹಲ್ಲಿನ ಸೆಟ್ಟು ಅಲ್ಲಿ ಡಬ್ಬಿಯಲ್ಲಿ ಭದ್ರವಾಗಿತ್ತು. ಮಾವ ಅದನ್ನು ಮದುವೆಮನೆಗೆ, ಫೋಟೋಕ್ಕೆ ಬಿಟ್ಟರೆ ಹೊರಗೆ ತೆಗೆದವರಲ್ಲ. ತೊಳೆದು ತಂದು ಮುಂದೆ ಹಿಡಿದಳು.

"ಇದು ಉಣ್ಣೋ ಅಲ್ಲಲ್ಲ ಕಣವ್ವ, ನಗೋ ಅಲ್ಲು," ಎಂದರು ಮಾವ.

"ಶಿವುಗೋಸ್ಕರ ಮಾವ. ಒಂದೇ ಒಂದು ಊಟ."

ಮೊಮ್ಮಗನ ಹೆಸರು ಹೇಳಿದರೆ ಮಾವ ಹೇಮಾವತಿ ಹೊಳೆಗೂ ಹಾರುವವರು. ಹಲ್ಲು ಹಾಕಿಕೊಂಡರು. ಅಗಿದರು. ಮುದ್ದೆಗೂ ಹಲ್ಲಿಗೂ ಅಂಥ ಸ್ನೇಹ ಬೆಳೆಯಿತೆಂದರೆ, ಒಂದನ್ನೊಂದು ಬಿಡಲೇ ಒಲ್ಲವು! ಮಾವನ ಕಣ್ಣಲ್ಲಿ ನೀರು. ಕೊನೆಗೆ ರೋಸಿಹೋಗಿ, ಬಾಯಲ್ಲಿದ್ದ ಉಂಡೆಯನ್ನು ಬೆರಳು ಹಾಕಿ ಕಿತ್ತು ತಟ್ಟೆಯ ಅಂಚಿಗೆ ಬಡಿದರು. ಸರಿಯಾಗಿ ಅದೇ ಹೊತ್ತಿಗೆ ಬೀದಿಯಿಂದ ಹಾಲಿನ ವ್ಯಾನಿನ ಮರಿಸ್ವಾಮಿ ಕೂಗಿದ.

"ಗೌಡ್ರೇ! ಕ್ಯಾನು ಲೆಕ್ಕ ಬತ್ತಿಲ್ಲ, ಬಿರ್ನೆ ಡೇರಿತಾವ ಬನ್ನಿ!"

ಮಾವ ಡೇರಿಯ ಅಧ್ಯಕ್ಷರು. ತಟ್ಟೆಯಲ್ಲಿದ್ದ ದೊಡ್ಡದೊಂದು ತುತ್ತನ್ನು ಹಳೇ ಅಭ್ಯಾಸದಲ್ಲಿ ಗುಳುಂ ಅನ್ನಿಸಿ, ಕೈ ತೊಳೆದು ಎದ್ದುಹೋದರು. ಕೊನೆಯ ತುತ್ತನ್ನು ಕ್ಷಮಿಸಿಬಿಡೋಣ ಎಂದುಕೊಂಡಳು ಪ್ರಮೀಳಾ. ಊಟ ಮುಗಿಯಿತು, ಎಡವಟ್ಟಿಲ್ಲ, ಗೆದ್ದಳು! ಹಾಡು ಗುನುಗುತ್ತಾ ತಟ್ಟೆಗಳನ್ನು ಎತ್ತಿದಳು. ಉಳಿದಿದ್ದನ್ನೆಲ್ಲ ಎಮ್ಮೆಗೆಂದು ಹಿತ್ತಲಿನ ಕಲಗಚ್ಚಿನ ಬಾನಿಗೆ ಸುರಿದಳು.

ಮಾವ ವಾಪಸು ಬಂದದ್ದು ನಡೆದುಕೊಂಡಲ್ಲ. ಮರಿಸ್ವಾಮಿ ಒಂದು ರಟ್ಟೆ, ಇನ್ಯಾರೋ ಇನ್ನೊಂದು ರಟ್ಟೆ ಹಿಡಿದಿದ್ದರು.

"ಕೆಳಗಿನ ಸಾಲು ಇಲ್ಲ," ಎಂದರು ಮಾವ, ಬಾಯಿ ತೆರೆದು ತೋರಿಸಿ, ಗಾಳಿ ಬೆರೆತ ದನಿಯಲ್ಲಿ. "ನುಂಗ್ಬುಟ್ಟಿವ್ನಿ ಕಣ್ಲಾ ಕುಮಾರ. ಆ ಕಡೇ ತುತ್ತು ವಸಿ ಗಟ್ಟಿಯಾಗೇ ಇತ್ತು."

ಪ್ರಮೀಳಾಳ ಕಾಲಡಿ ಸಾರಿಸಿದ ನೆಲವೇ ಜಾರಿತು. ನುಂಗಬೇಡಿ ಎಂದು ಅಪ್ಪಣೆ ಹೊರಡಿಸಿದ ದಿನವೇ, ಲೋಕದಲ್ಲಿ ಯಾರೂ ನುಂಗದ್ದನ್ನು ಮಾವ ನುಂಗಿದ್ದರು!

"ಇಟ್ಟ ಅಗುದು ಅಲ್ಲ ನುಂಗುದ್ರಲ್ಲಪ್ಪಾ!" ಎಂದು ಅತ್ತೆ ಹಣೆ ಚಚ್ಚಿಕೊಂಡರು.

ಪಕ್ಕದ ಮನೆಯ ದೊಡ್ಡತಾಯಮ್ಮ ಗೋಡೆಯ ಮೇಲಿಂದ ಇಣುಕಿದರು. "ಬಾಳೆಹಣ್ಣು ತಿನ್ಸಿ! ನಮ್ ಭಾವ ನಾಕಾಣೆ ನುಂಗ್ದಾಗ ಬಾಳೆಹಣ್ಣೇ ಕೆಳಕ್ಕಿಳ್ಸಿದ್ದು."

"ಅದು ನಾಕಾಣೆ ಕಣಕ್ಕಾ, ಇದು ಕಚ್ತದೆ!" ಎಂದ ಮರಿಸ್ವಾಮಿ.

ಆ ಹೊತ್ತಿನಲ್ಲಿ ಪೇಟೆಗೆ ಬಸ್ಸಿಲ್ಲ. ಹಾಲಿನ ವ್ಯಾನೇ ಗತಿ. ಕ್ಯಾನುಗಳ ನಡುವೆ ಗೋಣಿ ಹಾಸಿ ಮಾವನನ್ನು ಕೂರಿಸಿದರು, ಕುಮಾರ್ ಜೊತೆಗೆ ಹತ್ತಿದ. ವ್ಯಾನು ಧೂಳೆಬ್ಬಿಸಿ ಹೊರಟಿತು. ಶಿವು "ತಾತ, ಟಾಟಾ!" ಎಂದು ಕುಣಿದ.

 ದಿನವೂ ಮಾವ ಶಿವುವನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಟೇಷನ್ನಿಗೆ ಹೋಗಿ ಮೈಸೂರು ರೈಲು ತೋರಿಸುವ ಹೊತ್ತಾಯಿತು. ರೈಲು ಕೂಗಿಕೊಂಡು ಹೋಯಿತು. ನೋಡಲು ಯಾರೂ ಹೋಗಲಿಲ್ಲ. ಅತ್ತೆ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು, ಹಚ್ಚಿದ್ದಕ್ಕೇ ಮತ್ತೆ ಹಚ್ಚುತ್ತಿದ್ದರು. ಅದನ್ನು ಕಂಡು ಪ್ರಮೀಳಾಗೆ ಅಳು ತಡೆಯಲಾಗಲಿಲ್ಲ.

"ಅತ್ತೆ, ನನ್ನ ಬಯ್ದುಬಿಡಿ."

"ಬಯ್ಯಾಕೆ ಒತ್ತೈತೆ ಬುಡವ್ವ. ಮೊದ್ಲು ಅವ್ರು ಬರ್ಲಿ, ಅವ್ರ್ ಮುಂದೇನೇ ಬಯ್ತೀನಿ. ಆ ಎಮ್ಮೆ ಯಾಕಂಗೆ ಅರುಚ್ತೈತೆ, ನೋಡೋಗು."

ಹಿತ್ತಲಿನಲ್ಲಿ ಎಮ್ಮೆ ಬಾನಿಗೆ ಮೂತಿ ಇಡುವುದು, ಬುಸ್ ಎಂದು ಹಿಂದಕ್ಕೆ ನೆಗೆಯುವುದು, ಕಿವಿ ನಿಗುರಿಸಿ ಒಳಗೆ ಇಣುಕುವುದು. ದಿನವೂ ತಳ ಕಾಣುವವರೆಗೆ ಹೀರುವ ಎಮ್ಮೆಗೆ ಇವತ್ತೇನು ಬಂತು? ಇದಕ್ಕೂ ಅಜೀರ್ಣವೇ? ಪ್ರಮೀಳಾ ಸೆರಗು ಸಿಕ್ಕಿಸಿ ಬಗ್ಗಿ ನೋಡಿದಳು. ಕಲಗಚ್ಚಿನ ನಡುವೆ ಮುದ್ದೆಯ ಗಡ್ಡೆಯೊಂದು ತೇಲುತ್ತಿತ್ತು. ಅದಕ್ಕೆ ಕಚ್ಚಿಕೊಂಡ ಒಂದು ಸಾಲು ಹಲ್ಲು ಎಮ್ಮೆಯನ್ನು ನೋಡಿ ಧಾರಾಳವಾಗಿ ನಗುತ್ತಿತ್ತು!

"ಅತ್ತೇ! ಮಾವ ನುಂಗಿಲ್ಲ! ಮಾವ ಇಲ್ಲಿದಾರೆ!"

ಅತ್ತೆ ಎದ್ದು ಬಿದ್ದು ಓಡಿಬಂದರು. ಸೊಸೆಯ ಕೈಯಲ್ಲಿ ಕಲಗಚ್ಚು ಸುರಿಯುತ್ತಿದ್ದ ಹಲ್ಲನ್ನು ಕಂಡು ಅವಳನ್ನು ಹಾಗೇ ತಬ್ಬಿಕೊಂಡರು. ಇಬ್ಬರೂ ಅತ್ತರು, ಇಬ್ಬರೂ ನಕ್ಕರು. ಎಮ್ಮೆ ಮಾತ್ರ ಅವತ್ತು ಆ ಬಾನಿಯಲ್ಲಿ ಕುಡಿಯಲೇ ಇಲ್ಲ.

ಆದರೆ ವ್ಯಾನಿಗೆ ಸುದ್ದಿ ಮುಟ್ಟಿಸುವುದು ಹೇಗೆ? ಕಾಯುವುದೊಂದೇ ದಾರಿ. ಸೂರ್ಯ ಇಳಿದ ಮೇಲೆ ಬಸ್ಸಿನಿಂದ ಇಳಿದು ಬಂದ ಮಾವ ಹೊಟ್ಟೆ ಹಿಡಿದುಕೊಂಡು ನಿಧಾನಕ್ಕೆ ಹೆಜ್ಜೆ ಹಾಕುತ್ತಿದ್ದರು. ಪ್ರಮೀಳಾ ಹಲ್ಲನ್ನು ಮುಂದೆ ಹಿಡಿದು ಕಾಲಿಗೆ ಬಿದ್ದಳು.

"ಡಾಕ್ಟ್ರೂ ಅದನ್ನೇ ಅಂದ್ರು," ಎಂದ ಕುಮಾರ್, ಜಗಲಿಯಲ್ಲಿ ಕುಸಿದು. "ಅಷ್ಟಗಲದ್ದು ಗಂಟಲಲ್ಲಿ ಇಳಿಯೋ ಹಾಗೇ ಇಲ್ಲ, ಮನೇಲಿ ತಟ್ಟೆ ಹುಡುಕಿ ಅಂತ. ಅಪ್ಪನ ಹೊಟ್ಟೆ ಯಾಕೆ ಹೀಗೆ ಉಬ್ಬಿದೆ ಅನ್ನೋದೊಂದೇ ಅವರಿಗೆ ಗೊತ್ತಾಗಲಿಲ್ಲ."

"ಮತ್ತೆ ಯಾಕ್ರೀ ಉಬ್ಬಿದೆ?"

"ಹಾಲಿನ ವ್ಯಾನು ಕಣೇ! ಒಂದೊಂದು ಡೇರಿ ಹತ್ರಾನೂ ನಿಲ್ಲುತ್ತೆ. ನಿಂತಲ್ಲೆಲ್ಲ ಮರಿಸ್ವಾಮಿ ಇಳಿದು ಸುದ್ದಿ ಹೇಳ್ತಾನೆ. ಹೇಳಿದಲ್ಲೆಲ್ಲ ಯಾರೋ ಒಬ್ಬರು ಬಾಳೆಹಣ್ಣು ತರ್ತಾರೆ. ಅಧ್ಯಕ್ಷರು ಬೇಡ ಅನ್ನೋ ಹಾಗಿದೆಯಾ?"

"ಎಲ್ಲಾನೂ ನುಂಗ್ದೆ ಕಣವ್ವಾ," ಎಂದರು ಮಾವ ತಪ್ಪೊಪ್ಪಿಕೊಳ್ಳುವವರಂತೆ. "ಅಗ್ಯಾಕೆ ಅಲ್ಲು ಇರ್ಲಿಲ್ಲ."

ಕತ್ತಲಾಗುತ್ತಲೇ ಅತ್ತೆ ಮತ್ತೆ ಮುದ್ದೆಗಿಟ್ಟರು. ಒಪ್ಪಂದದ ಮಾತನ್ನು ಎತ್ತಲಿಲ್ಲ. ಅವರು ಎತ್ತದಿದ್ದದ್ದೇ ಪ್ರಮೀಳಾಗೆ ಹೆಚ್ಚು ಚುಚ್ಚಿತು. ಶಿವುವನ್ನು ಎತ್ತಿ ತಂದು ತಾನೇ ಅತ್ತೆಯ ತೊಡೆಯ ಮೇಲೆ ಕೂರಿಸಿದಳು.

"ನೀವೇ ತಿನ್ನಿಸಿ ಅತ್ತೆ. ನಾನು ಕಂಬ ಹಿಡಿಯಲ್ಲ."

ಚಿಕ್ಕಬೋರಮ್ಮ ಸೊಸೆಯ ಮುಖ ನೋಡಿದರು. ಗೋಲಿ ಗಾತ್ರದಲ್ಲಿ ಮುರಿಯುತ್ತಿದ್ದ ಮುದ್ದೆಯನ್ನು ಕಡಲೆಕಾಳಿನ ಗಾತ್ರಕ್ಕೆ ಇಳಿಸಿದರು, ತುಪ್ಪದಲ್ಲಿ ಅದ್ದಿ, ಸಾರಿನಲ್ಲಿ ಹೊರಳಿಸಿ, ಮೊಮ್ಮಗನ ಬಾಯಿಗಿಟ್ಟರು. "ಗುಳುಂ ಅನ್ಸು ಮಗಾ."

ಶಿವು ಗುಳುಂ ಅನ್ನಿಸಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತ. ಕಣ್ಣು ಅರ್ಧ ಮುಚ್ಚಿದ. ಬೆಳಿಗ್ಗೆ ನೋಡಿದ್ದಷ್ಟನ್ನೂ ಮನಸ್ಸಿಟ್ಟು ಕಲಿತವನಂತೆ, ಅತ್ತಿಂದಿತ್ತ, ಇತ್ತಿಂದತ್ತ, ಅಗಿಯತೊಡಗಿದ. ಕಡಲೆಕಾಳಿನಷ್ಟು ಮುದ್ದೆಯನ್ನು!

"ನುಂಗ್ಲಾ ಮಗಾ," ಎಂದರು ಅಜ್ಜಿ.

"ಅಗೀಬೇಕು ಅಜ್ಜಿ."

ಒಲೆಯ ಬೆಂಕಿ ಕೆಂಡವಾಯಿತು. ಕುಮಾರ್ ಉಂಡೆದ್ದ. ಸಾರು ಆರಿ ಕೆನೆ ಕಟ್ಟಿತು. ಎರಡನೇ ತುತ್ತು ಹಿಡಿದ ಅಜ್ಜಿಯ ಕೈ ಸೋತು ತೊಡೆಯ ಮೇಲೆ ಬಿತ್ತು. ಶಿವುವಿನ ದವಡೆ ಮಾತ್ರ ನಿಲ್ಲಲಿಲ್ಲ. ಮಗು ಇವತ್ತು ಹಸಿದೇ ಮಲಗುತ್ತದೇನೋ! ಹಸಿದು ಮಲಗಿದರೆ ಸೊರಗುತ್ತದೇನೋ! ಸೊರಗಿದರೆ... ಪ್ರಮೀಳಾ ಮಗನೆದುರು ಮಂಡಿಯೂರಿ ಕೂತಳು, ಅವನ ಗಲ್ಲ ಹಿಡಿದಳು. ದೊಡ್ಡತಾಯಮ್ಮನ ಮನೆಗೂ ಕೇಳಿಸುವಂತೆ, ಈ ಆರೋಗ್ಯದ ಮನೆಯ ಮಹಾರಾಣಿ ಕೂಗಿದಳು:

"ನುಂಗೋ ಕಂದಾ! ನಿನ್ನ ದಮ್ಮಯ್ಯ, ನುಂಗೋ!"