ಟ್ಯಾಂಕು ತುಂಬಿದ ಸುದ್ದಿ

ಪದ್ಮನಾಭನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಡಾಕ್ಟರೇಟ್ ಇರುವುದು ನನಗೊಬ್ಬನಿಗೇ. ವಿಷಯ: ವೈರಿಲ್ಲದ ಸೆನ್ಸರುಗಳು ಬ್ಯಾಟರಿ ಉಳಿಸಿಕೊಂಡು ಸುದ್ದಿ ಮುಟ್ಟಿಸುವ ಬಗೆ. ಆದ್ದರಿಂದ ನಮ್ಮ ಟ್ಯಾಂಕು ತುಂಬಿ ಹರಿಯುವ ಸಮಸ್ಯೆಗೆ ನನ್ನಷ್ಟು ಅರ್ಹ ವ್ಯಕ್ತಿ ದಕ್ಷಿಣ ಬೆಂಗಳೂರಿನಲ್ಲೇ ಇಲ್ಲವೆಂದು ನಾನೇ ತೀರ್ಮಾನಿಸಿದೆ.

“ಟ್ಯಾಂಕಿಂದ ಮೋಟರ್‌ಗೆ ಒಂದು ವೈರ್ ಎಳೆದ್ರೆ ಆಗಲ್ವಾ ಸಾರ್?” ಎಂದರು ಅಸೋಸಿಯೇಷನ್ ಅಧ್ಯಕ್ಷೆ ಸರೋಜಮ್ಮ.

“ವೈರಾ!” ಎಂದು ನಕ್ಕೆ. ಎತ್ತಿನ ಗಾಡಿಯಲ್ಲಿ ಏರ್‌ಪೋರ್ಟಿಗೆ ಹೊರಟವರನ್ನು ಕಂಡು ನಗುವ ಹಾಗೆ.

ಟ್ಯಾಂಕಿಗೊಂದು, ಪ್ರತಿ ಮಹಡಿಯ ನೀರಿನ ಮೀಟರಿಗೊಂದು ಪುಟ್ಟ ಡಬ್ಬಿ ಅಂಟಿಸಿದೆ. ದೂರಕ್ಕೆ ಕೂಗಿದರೆ ಬ್ಯಾಟರಿ ದಂಡ. ಹಾಗಾಗಿ ಮೇಲಿನ ಡಬ್ಬಿ ಕೆಳಗಿನದರ ಕಿವಿಯಲ್ಲಿ ಪಿಸುಗುಟ್ಟುತ್ತದೆ, ಅದು ಇನ್ನೂ ಕೆಳಗಿನದಕ್ಕೆ. ಕೊನೆಗೆ ಮೋಟರ್ ಪಕ್ಕದ ಡಬ್ಬಿ, ಟ್ಯಾಂಕು ಖಾಲಿಯಾದರೆ ಸ್ವಿಚ್ ಹಾಕುತ್ತದೆ, ತುಂಬಿದರೆ ಆರಿಸುತ್ತದೆ.

“ಬ್ಯಾಟರಿ ವರ್ಷಗಟ್ಟಲೆ ಬರುತ್ತೆ!” ಎಂದು ಘೋಷಿಸಿದೆ.

ಕೆಲವೇ ತಿಂಗಳಿಗೆ ಸರೋಜಮ್ಮನ ಮಗಳ ಸೀಮಂತ. ಟೆರೇಸಿನಲ್ಲಿ ಊಟ. ಎಲೆಗೆ ಒಬ್ಬಟ್ಟು ಬಿದ್ದಿತ್ತು, ಟ್ಯಾಂಕು ತುಂಬಿ ಹರಿಯಿತು. ಟ್ಯಾಂಕಿನ ಡಬ್ಬಿ ಧರ್ಮ ತಪ್ಪದೆ ಪಿಸುಗುಟ್ಟಿತು. ಕೇಳಿಸಿಕೊಳ್ಳಬೇಕಾದ ಕೊನೆಯ ಡಬ್ಬಿ ಸತ್ತಿತ್ತು! ಎಲ್ಲ ಮಹಡಿಗಳ ಸುದ್ದಿಯನ್ನೂ ಅದೊಂದೇ ಹೊತ್ತು ಹೊತ್ತು ಬ್ಯಾಟರಿ ಮುಗಿದಿತ್ತು. ಸುಮ್ಮನೆ ಸಾಯಲಿಲ್ಲ, ಮೋಟರ್ ಹಾಕಿಯೇ ಸತ್ತಿತ್ತು.

“ರೀ, ನೀರು!” ಹೆಂಡತಿ ಸುಮಾ ಕಿರುಚಿದಳು.

“ಗಾಬರಿ ಬೇಡ. ಸಿಸ್ಟಮ್ ಈಗ ನಿಲ್ಸುತ್ತೆ,” ಎಂದು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.

ಸಿಸ್ಟಮ್ ನಿಲ್ಲಿಸಲಿಲ್ಲ. ನೀರು ಶಾಮಿಯಾನದ ಮೇಲೆ ಬಿತ್ತು. ಶಾಮಿಯಾನ ಸಾರಿನ ಪಾತ್ರೆಯ ಮೇಲೆ ಬಿತ್ತು. ಬಸುರಿ ಹುಡುಗಿ ರೇಷ್ಮೆ ಸೀರೆ ಎತ್ತಿಕೊಂಡು, ಕಾಲು ಮಡಚಿ ಕುರ್ಚಿಯ ಮೇಲೆ ಕೂತಳು. ನಾನು ಜಾರಿ, ಎದ್ದು, ಕೆಳಗೆ ಓಡುವಷ್ಟರಲ್ಲಿ ಸಂಪು ಬರಿದಾಗಿ, ಮೋಟರ್ ಸುಟ್ಟು ವಾಸನೆ ಬರುತ್ತಿತ್ತು. ಅಂತೂ ನಿಂತಿತು!

“ಇದು ಗೊತ್ತಿರೋ ಸಮಸ್ಯೇನೇ,” ಎಂದು ಒದ್ದೆ ನೆಂಟರಿಗೆ ವಿವರಿಸಿದೆ. “ಕೊನೇ ಡಬ್ಬಿ ಮೇಲೆ ಭಾರ ಜಾಸ್ತಿ, ಅದೇ ಮೊದ್ಲು ಸಾಯುತ್ತೆ. ನನ್ನ ಥೀಸಿಸ್‌ನಲ್ಲಿ ಇದರ ಮೇಲೇ ಒಂದಿಡೀ ಅಧ್ಯಾಯ ಇದೆ.”

“ಬರೆದ್ಮೇಲೆ ಓದ್ಲಿಲ್ವಾ?” ಎಂದಳು ಸುಮಾ.

ಸರೋಜಮ್ಮ ಸೆರಗು ಹಿಂಡಿಕೊಂಡರು. ಅಲ್ಲೇ ಅಸೋಸಿಯೇಷನ್ ಸಭೆ ಕರೆದರು.

ಹೊಸ ಮೋಟರ್ ಬಂದ ಮೇಲೆ, ಟ್ಯಾಂಕಿನ ಪಕ್ಕ ಕೂತು “ತುಂಬ್ತು!” ಎಂದು ಕೂಗುವ ಕೆಲಸವನ್ನು ಅಸೋಸಿಯೇಷನ್ ಸರ್ವಾನುಮತದಿಂದ ನನಗೆ ವಹಿಸಿತು. ಓದಿಗೆ ತಕ್ಕ ಎತ್ತರದ ಹುದ್ದೆ ಕಡೆಗೂ ಸಿಕ್ಕಿತು. ನಾಲ್ಕನೇ ಮಹಡಿಯ ಮೇಲೆ!