ನಾಲ್ಕು ವರ್ಷದ ಸುನಿಲ

ಬೆಳಿಗ್ಗೆ ಏಳಕ್ಕೆ ಮೊಬೈಲಿಗೆ ಬಂದ ಒಂದು ಒಳ್ಳೆಯ ಸುದ್ದಿ ಮಾಪಣ್ಣನ ನೆಮ್ಮದಿ ಕೆಡಿಸಿತು. ಸುನಿಲ್, ನಿನ್ನನ್ನು ಸೂಪರ್‌ವೈಸರ್ ಮಾಡಿದ್ದೇವೆ, ನಾಲ್ಕು ಗಂಟೆಗೆ ಅಸಲಿ ಆಧಾರ್ ಕಾರ್ಡ್ ತಾ, ಎಂದು ಕಂಪನಿಯ ದಿಶಾ ಮೇಡಂ ಬರೆದಿದ್ದರು. ಅಸಲಿ ಆಧಾರ್ ಮಾಪಣ್ಣನ ಹತ್ತಿರ ಇತ್ತು. ಅದರಲ್ಲಿ ಮಾಪಣ್ಣ ಎಂದೇ ಇತ್ತು.

ಹಿಂದಿನದನ್ನು ಸ್ವಲ್ಪ ಹೇಳಲೇಬೇಕು. ನಾಲ್ಕು ವರ್ಷದ ಕೆಳಗೆ ಕಲಬುರಗಿ ಕಡೆಯಿಂದ ಬಂದವನನ್ನು ವಾಗ್ಳೆ ಎಂಬ ಕೈಗಾರಿಕಾ ಎಸ್ಟೇಟಿನ ಡಬ್ಬಿ ಕಂಪನಿಗೆ ಕಾಂಟ್ರಾಕ್ಟರ್ ಲತೀಶ್ ಕರೆದೊಯ್ದಿದ್ದ. ದಿಶಾ ಮೇಡಂ ಕಂಪ್ಯೂಟರಿನಿಂದ ತಲೆ ಎತ್ತದೆ ಹೆಸರು ಕೇಳಿದರು. ಮಾಪಣ್ಣ ಅಂದ. "ಲೋಡಿಂಗ್" ಅಂದರು. ಎಂಟೇ ದಿನಕ್ಕೆ ಸೊಂಟ ಹಿಡಿದು ಮಲಗಿದ. ಇನ್ನು ಭಾರ ಎತ್ತಿದರೆ ಕಾಯಂ ಹಾಸಿಗೆಯೇ ಗತಿ ಎಂದರು ಡಾಕ್ಟರು.

ಅದೇ ಹೊತ್ತಿಗೆ ಅವನೂರಿನ ಸುನಿಲ ಎಂಬವನು ಅದೇ ಕಂಪನಿಗೆ ಪಾಸು ಮಾಡಿಸಿಕೊಂಡು, ಕೆಲಸಕ್ಕೆ ಬಾರದೆ ಘಣಸೋಲಿಯ ಕಟ್ಟಡದ ಕೆಲಸಕ್ಕೆ ಓಡಿಹೋಗಿದ್ದ. ಆ ಗೇಟ್‌ಪಾಸು ಲತೀಶನ ಪ್ಯಾಂಟಿನ ಜೇಬಲ್ಲೇ ಒಗೆತಕ್ಕೆ ಹೋಗಿ, ಫೋಟೋದಲ್ಲಿ ಮುಖ ಅಳಿದು ಬರೀ ಕಿವಿ ಉಳಿದಿತ್ತು. ಲತೀಶ್ ಅದನ್ನೇ ಮಾಪಣ್ಣನ ಕೊರಳಿಗೆ ಹಾಕಿ, ಮೇಡಂ ಕೆಲಸ ಹಂಚುವುದು ಹೆಸರು ಕೇಳಿ, ಮುಖ ನೋಡಿ ಅಲ್ಲ, ಇವತ್ತಿನಿಂದ ನೀನೇ ಸುನಿಲ ಅಂದ. ಮತ್ತೆ ಅದೇ ಮೇಜು, ಅದೇ ಬಗ್ಗಿದ ತಲೆ. ಸುನಿಲ ಅಂದ. "ಲೇಬಲ್" ಅಂದರು. ಸ್ಟೂಲಿನ ಮೇಲೆ ಕೂತು ಡಬ್ಬಿಗೆ ಚೀಟಿ ಅಂಟಿಸುವ ಕೆಲಸ. ಸೊಂಟ ಬದುಕಿತು.

ಸುನಿಲ ಅಂದಮೇಲೆ ಸುನಿಲನ ಹಾಗೆ ಇರಬೇಕಲ್ಲ. ಅಂಗಿ ಇನ್‌ಶರ್ಟ್ ಆಯಿತು, ಬೈತಲೆ ಪಕ್ಕಕ್ಕೆ ಸರಿಯಿತು, ಮರಾಠಿ ಬಂತು. ಒಂದು ದಿನವೂ ರಜೆ ಹಾಕಲಿಲ್ಲ. ದಿನದ ಲೆಕ್ಕ ಮೊಬೈಲಿನಲ್ಲೇ ಹೋಗುತ್ತಿದ್ದುದರಿಂದ ಮೇಡಂಗೆ ಈ ಸುನಿಲನ ಹೆಸರು ಗೊತ್ತಿತ್ತೇ ಹೊರತು ಮುಖ ಗೊತ್ತಿರಲಿಲ್ಲ.

ಈಗ ಕಳವಾ ಎಂಬಲ್ಲಿನ ಚಾಳಿನ ಮನೆಯಲ್ಲಿ ಆಧಾರ್ ಹಿಡಿದು ಅವನು ಬೆವರುತ್ತಿದ್ದರೆ, ಹೆಂಡತಿ ಸಾಬವ್ವ ಆಗಲೇ ಹತ್ತು ಮನೆಗೆ ಸುದ್ದಿ ಮುಟ್ಟಿಸಿದ್ದಳು. ಸಲಹೆಗಳು ಬಾಗಿಲು ತಟ್ಟದೆ ಒಳಗೆ ಬಂದವು. ಒಬ್ಬ ಅಫಿಡವಿಟ್ ಅಂದ, ಇನ್ನೊಬ್ಬ ಸುನಿಲ ಅನ್ನುವುದು ಮನೆಯಲ್ಲಿ ಕರೆಯುವ ಹೆಸರು ಅನ್ನು ಅಂದ. ಫೋನಿನಲ್ಲಿ ಲತೀಶ್ ಹೆದರಿಸಿದ: "ನಿನ್ನ ಸ್ವಂತ ಹೆಸರು ಮಾತ್ರ ಬಾಯಲ್ಲಿ ಬರಬಾರ್ದು ಮಾರಾಯ. ಬಂದ್ರೆ ಪುನಃ ಲೋಡಿಂಗೇ."

ಕೊನೆಗೆ ಪಕ್ಕದ ಮನೆಯ ಮರಗಮ್ಮ ದಾರಿ ತೋರಿಸಿದಳು. "ಆ ಸುನಿಲಂದೇ ಆಧಾರ ತರಿಸಿಕೊ. ಎರಡು ತಾಸಿನ ಮಾತು."

ಸುನಿಲ ಫೋನೆತ್ತಿ, ಯಾಕೆ ಬೇಕು ಅಂದ. ಸುಳ್ಳು ಹೇಳಿ ಗೊತ್ತಿಲ್ಲದ ಮಾಪಣ್ಣ ಎಲ್ಲ ಹೇಳಿಬಿಟ್ಟ. ಮೇಜು, ಕುರ್ಚಿ, ತಲೆ ಮೇಲೆ ಫ್ಯಾನು, ಪರ್ಮನೆಂಟು. ಸಂಬಳ ಎಷ್ಟು ಎಂದು ಆ ಕಡೆಯಿಂದ ಎರಡು ಸಲ ಪ್ರಶ್ನೆ ಬಂತು. ಆಮೇಲೆ ಸುನಿಲ, "ಅಸಲಿ ಕಾರ್ಡ್ ಮಂದಿ ಕೈಯಾಗ ಹ್ಯಾಂಗ ಕೊಡ್ಲಿ? ನಾನೇ ತರ್ತೀನಿ" ಅಂದ. ಎಷ್ಟು ಒಳ್ಳೆಯವನು ಎಂದು ಸಾಬವ್ವ ಅವನಿಗಾಗಿ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು.

ಮಧ್ಯಾಹ್ನವಿಡೀ ಮಾಪಣ್ಣ ಚೀಟಿಗಳನ್ನು ತಲೆಕೆಳಗಾಗಿ ಅಂಟಿಸಿದ. ಮೂರಾಯಿತು, ಮೂರೂವರೆ ಆಯಿತು, ಸುನಿಲ ಫೋನು ಎತ್ತಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಗೇಟಿನಲ್ಲಿ ಕಂಡ. ಇಸ್ತ್ರಿ ಅಂಗಿ, ಇನ್‌ಶರ್ಟ್. ಮಾಪಣ್ಣ ಓಡಿಹೋಗಿ ಕೈಚಾಚಿದ. ಕಾರ್ಡು ಕೊಡು ಅಂದರೆ, ತಡಿ, ನಾನೇ ತೋರಿಸಿ ಬರ್ತೀನಿ ಎಂದು ಹೋಳಿಗೆಯ ಗಂಟನ್ನೂ ಇಸಿದುಕೊಂಡು ಮೇಡಂ ಕೋಣೆಗೆ ನಡೆದ.

ಕಾರ್ಡಿನ ಫೋಟೋ ತಾಳೆ ನೋಡಬೇಕಿದ್ದರಿಂದ ಮೇಡಂ ಅವತ್ತು ತಲೆ ಎತ್ತಿದರು. ತಾಳೆಯಾಯಿತು. ನಾಲ್ಕು ವರ್ಷದ ದುಡಿಮೆಗೆ ಶಾಭಾಸ್ ಎಂದು ಕೈಕುಲುಕಿದರು.

ಮಾಪಣ್ಣ ಒಳಗೆ ನುಗ್ಗಿ, ಆ ನಾಲ್ಕು ವರ್ಷ ನನ್ನವು ಅಂದ. ನೀನು ಯಾರು ಎಂದು ಮೇಡಂ ಕೇಳಿದಾಗ, ಕಂಪನಿಯಲ್ಲಿ ನಾಲ್ಕು ವರ್ಷದಲ್ಲಿ ಮೊದಲ ಸಲ ತನ್ನ ಹೆಸರು ಹೇಳಿದ. ಸಾಕ್ಷಿಗೆ ಗುರುನಾಥನನ್ನು ಕರೆದ. ದಿನಾ ಪಕ್ಕದಲ್ಲಿ ಕೂತು ಬುತ್ತಿ ಹಂಚಿಕೊಂಡವನು. ಆದರೆ ಗುರುನಾಥನ ಕೊರಳಲ್ಲಿದ್ದ ಪಾಸಿನ ಮೇಲೆ ಮನೀಶ್ ಎಂದಿತ್ತು. ಅವನು ಪಾಸನ್ನು ಅಂಗೈಯಿಂದ ಮುಚ್ಚಿಕೊಂಡು ಫ್ಯಾನು ನೋಡತೊಡಗಿದ. ಗದ್ದಲ ಕೇಳಿ ಬಂದು ಬಾಗಿಲಲ್ಲಿ ನಿಂತ ಲತೀಶ್ ಮೊಬೈಲು ನೋಡುತ್ತಿದ್ದ.

ಸುನಿಲನಿಗೇ ನೋವಾದಂತಿತ್ತು. "ನನ್ನ ಹೆಸರು ನಾ ತಗೊಂಡೀನಿ ಮಾಪಣ್ಣ. ನಿಂದೇನರ ಮುಟ್ಟೀನೇನು?"

ಮಾಪಣ್ಣ ಕೊರಳಿನ ಹಳೆಯ ಪಾಸು ತೆಗೆದು ಮೇಜಿನ ಮೇಲಿಟ್ಟ.

ಲತೀಶನಿಗೂ ಕರುಳು ಚುರುಕ್ಕೆಂದಿರಬೇಕು. ಅರ್ಧ ಗಂಟೆ ಓಡಾಡಿ, ಮಾಪಣ್ಣನಿಗೆ ಹೊಸ ಪಾಸು ಮಾಡಿಸಿ ತಂದ. ಅವನದೇ ಮುಖ, ಕೆಳಗೆ ಅವನದೇ ಹೆಸರು. ಮಾಪಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ, ಕಣ್ಣು ಒದ್ದೆಯಾಯಿತು. ಕೊರಳಿಗೆ ಹಾಕಿಕೊಂಡು ಸಂಜೆ ಪಾಳಿಯ ಸಾಲಿನಲ್ಲಿ ನಿಂತ.

ಸಾಲಿನ ತುದಿಯ ಮೇಜಿನಲ್ಲಿ ಹೊಸ ಸೂಪರ್‌ವೈಸರ್ ಹೋಳಿಗೆ ಮುರಿಯುತ್ತ ರಿಜಿಸ್ಟರಿನ ಮೇಲೆ ಬಗ್ಗಿದ್ದ. ಮಾಪಣ್ಣನ ಸರದಿ ಬಂತು.

"ಹೆಸರು?" ಅಂದ ಸುನಿಲ.

"ಮಾಪಣ್ಣ."

"ಲೋಡಿಂಗ್" ಅಂದ, ತಲೆ ಎತ್ತದೆ.