ವಾಟರ್ ಪಾರ್ಕಿನ ಬಾಗಿಲಲ್ಲಿ ಎಲೆಯಡಿಕೆ

ಗುಟ್ಟು ಕಾಪಾಡುವುದರಲ್ಲಿ ಪಾಂಡವಪುರ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ಗೊಬ್ಬರದ ಅಂಗಡಿ ಇಟ್ಟವನಿಗೆ ಗುಟ್ಟೇ ಬಂಡವಾಳ. ಯೂರಿಯಾ ಲೋಡು ಯಾವತ್ತು ಬರುತ್ತದೆ ಎನ್ನುವುದನ್ನು ಲಾರಿ ಬಾಗಿಲಿಗೆ ಬಂದು ನಿಲ್ಲುವ ತನಕ ಬಾಯಿ ಬಿಡದ ಮನುಷ್ಯ ನಾನು. ಇಂಥ ಘನಗಂಭೀರ ಮರಿಸ್ವಾಮಿ ಒಂದು ಬೆಳಿಗ್ಗೆ ಪೇಪರಿನಲ್ಲಿ ಆ ಸುದ್ದಿ ಓದಿ, ಕಾಫಿ ಲೋಟ ಕೆಳಗಿಟ್ಟು, ಹೆಂಡತಿಯ ಮುಂದೆ ರಾಜಾಜ್ಞೆ ಹೊರಡಿಸಿದ.

“ರಮ್ಯ, ಪಾರ್ಕುಗಳು ಓಪನ್ ಅಂತೆ. ಕೊರೊನಾ ರೂಲ್ಸು ಸಡಿಲ ಮಾಡವ್ರೆ. ಸಣ್ಣ ಮಕ್ಕಳನ್ನೂ ಬುಡ್ತಾರಂತೆ, ವಯಸ್ಸಾದೋರನ್ನೂ ಬುಡ್ತಾರಂತೆ. ಬಾಗಿಲಲ್ಲಿ ಜ್ವರ ನೋಡ್ತಾರೆ. ಮಾಸ್ಕು ಹಾಕಿರ್ಬೇಕು, ನೀರಿಗಿಳಿಯೋವಾಗ ಮಾತ್ರ ತೆಗೀಬೋದು. ಭಾನುವಾರ ನಾವು ಮೂರೇ ಜನ ಹೋಗಿಬರಾಣ. ನಿಮ್ಮಪ್ಪನ ಮನೆ ಕಡೆ ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು.”

“ನಮ್ಮಪ್ಪನ ಮನೆಯೋರು ನಿಮಗೇನ್ ಮಾಡವ್ರೆ?”

“ಏನೂ ಮಾಡಿಲ್ಲ. ಬತ್ತಾರೆ, ಅಷ್ಟೇಯ.”

ನನ್ನ ಮಾತಿಗೆ ಇತಿಹಾಸದ ಆಧಾರವಿತ್ತು. ಕೊರೊನಾಕ್ಕೆ ಮೊದಲು ಶ್ರವಣಬೆಳಗೊಳಕ್ಕೆಂದು ಹೊರಟ ನಮ್ಮ ಓಮ್ನಿ, ಕೆ.ಆರ್.ಪೇಟೆಯ ಮಾವನ ಮನೆ ಮುಂದೆ ‘ಒಂದೇ ನಿಮಿಷ’ ನಿಂತಿತ್ತು. ಅಲ್ಲಿಂದ ಹೊರಟಾಗ ಗೇರು ಹಾಕಲು ನನ್ನ ಕೈಗೆ ಜಾಗವಿರಲಿಲ್ಲ. ಹಿಂದೆ ಗೊಬ್ಬರದ ಚೀಲ ಇಡುವ ಕಡೆಯೂ ಇಬ್ಬರು ಚಿಕ್ಕತ್ತೆಯರು ಕೂತಿದ್ದರು.

ಆದರೆ ಮಾವನವರಿಂದ ನಾನು ತಪ್ಪಿಸಿಕೊಂಡು ತಿರುಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ನನ್ನ ಬಾಮೈದ ಚಿಕ್ಕಸ್ವಾಮಿ. ಒಳ್ಳೆಯ ಹುಡುಗ. ನೀರಾವರಿ ಜಮೀನಿದೆ, ಹಸು ಕಟ್ಟಿದ್ದಾನೆ, ಬೀಡಿ ಸಿಗರೇಟು ಮುಟ್ಟುವುದಿಲ್ಲ. ಅವನಲ್ಲಿರುವ ಒಂದೇ ಒಂದು ಐಬು, ಬೇಸಾಯ ಮಾಡುತ್ತಾನೆ. ಆ ಒಂದು ಮಾತು ಕೇಳಿದ ಕೂಡಲೇ ಹೆಣ್ಣಿನ ಮನೆಯವರು ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಾರೆ. ಅಂಥ ಮನೆಗಳಿಂದ ವಾಪಸು ಬರುವಾಗ ಗಾಡಿಯಲ್ಲಿ ಯಾರೂ ಮಾತಾಡುವುದಿಲ್ಲ. ಆ ಮೌನದಲ್ಲಿ ಗಾಡಿ ಓಡಿಸುವುದು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಕೊರೊನಾ ಬಂದಾಗ ನಾನು ಅದನ್ನೇ ನೆಪ ಮಾಡಿಕೊಂಡೆ. “ಲಾಕ್‌ಡೌನ್ ಮುಗೀಲಿ ಮಾವ, ಎಲ್ಲಾ ಓಪನ್ ಆಗ್ತಿದ್ದಂಗೇ ನನ್ನ ಮೊದಲ್ನೇ ಕೆಲಸ ಚಿಕ್ಕಸ್ವಾಮಿಗೆ ಹೆಣ್ಣು ಹುಡುಕೋದು” ಎಂದು ಫೋನ್ ಬಂದಾಗಲೆಲ್ಲ ಹೇಳಿದೆ. ಲಾಕ್‌ಡೌನು ಮುಗಿಯಿತು, ಮತ್ತೆ ಬಂತು, ಮತ್ತೆ ಮುಗಿಯಿತು. ನನ್ನ ಮಾತು ಹಾಗೇ ನಿಂತಿತ್ತು.

ಶನಿವಾರ ಮಾವ ಹೊನ್ನಪ್ಪನವರ ಫೋನು.

“ಅಳಿಯಂದ್ರೆ, ನಾಳೀಕೆ ನಿಮ್ಮ ಮನೆಗೆ ಬರಾಣ ಅಂತಿದ್ವಿ.”

“ನಾಳೆ ಬ್ಯಾಡ ಮಾವ. ಬೆಳಗ್ಗೇನೇ ನಾವು ಒಂದ್ಕಡೆ ಹೊಂಟಿದ್ದೀವಿ.”

ಮಾವನ ದನಿ ತುಂಬಾ ಮೆತ್ತಗಾಯಿತು: “ಓ... ಸರಿ ಬುಡಿ. ಒಳ್ಳೇದಾಗ್ಲಿ.”

ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಂಬಿಕೆ. ನನ್ನ ಗುಟ್ಟಿಗೆ ಇದಕ್ಕಿಂತ ಭದ್ರವಾದ ಬೀಗ ಇನ್ನೆಲ್ಲಿದೆ ಎಂದು ಹಿಗ್ಗಿ, ಮಗಳು ಸಿಂಚನಳ ಪ್ಲಾಸ್ಟಿಕ್ ಟ್ಯೂಬಿಗೆ ಗಾಳಿ ತುಂಬುತ್ತಾ ಕೂತೆ.

ಭಾನುವಾರ ಬೆಳಗಾಗಿ ಗೇಟು ತೆಗೆದರೆ ಹೊರಗೆ ಮೂವರು ನಿಂತಿದ್ದಾರೆ. ಮಾವ ಬಿಳಿ ಪಂಚೆಯಲ್ಲಿ. ಅತ್ತೆ ಅಣ್ಣಮ್ಮನವರು ಬೀರುವಿನಿಂದ ತೆಗೆದ ರೇಷ್ಮೆ ಸೀರೆಯಲ್ಲಿ, ಕೈಯಲ್ಲೊಂದು ಭಾರವಾದ ಚೀಲ. ಅವರ ಹಿಂದೆ ಚಿಕ್ಕಸ್ವಾಮಿ, ಇಸ್ತ್ರಿ ಮಾಡಿದ ಬಿಳಿ ಶರಟು, ಮುಖದ ತುಂಬ ಪೌಡರು.

“ಮೊದಲ್ನೇ ಬಸ್ಸಿಗೆ ಬಂದ್ಬುಟ್ವಿ. ನಮ್ಮನ್ನ ಬುಟ್ಟು ನೀವೇ ಹೋಗಿಬಂದ್ರೆ ಚೆಂದ ಆಯ್ತದಾ?” ಅಂದರು ಮಾವ.

ನಾನು ರಮ್ಯಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. “ಹೇಳ್ಬುಟ್ಯಾ?”

“ನಮ್ಮವ್ವನಾಣೆ ಹೇಳಿಲ್ಲ.”

“ಮತ್ತೆ ಪಾರ್ಕಿನ ವಿಷ್ಯ ಅವರಿಗೆಂಗೆ ಗೊತ್ತಾಯ್ತು?”

“ಪೇಪರು ನಿಮಗೊಬ್ಬರಿಗೇ ಬರಾಕಿಲ್ಲ ಕಣ್ರೀ.”

ಬಾಗಿಲಿಗೆ ಬಂದವರನ್ನು ಯಾಕೆ ಬಂದಿರಿ ಎನ್ನಲಾದೀತೆ? ಹತ್ತಿಸಿಕೊಂಡು ಹೊರಟೆ. ನೀರಿನಲ್ಲಿ ಆಡಲು ಹೊರಟವನು ಶರಟಿಗೆ ಇಸ್ತ್ರಿ ಯಾಕೆ ಮಾಡಿದ ಎನ್ನುವುದು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಶ್ರೀರಂಗಪಟ್ಟಣ ಇನ್ನೂ ಸಿಕ್ಕಿರಲಿಲ್ಲ, ಹಿಂದಿನಿಂದ ಅತ್ತೆ ಕೇಳಿದರು:

“ಅಳಿಯಂದ್ರೆ, ಉಡ್ಗಿ ಎಷ್ಟು ಓದವ್ಳೆ?”

“ಯಾವ ಹುಡುಗಿ ಅತ್ತೆ?”

ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮಾವ ಮುಂದಕ್ಕೆ ಬಗ್ಗಿ ನನ್ನ ಹೆಗಲು ತಟ್ಟಿದರು. “ಎಲ್ಲಾ ಓಪನ್ ಆಗ್ತಿದ್ದಂಗೇ ಮೊದಲ್ನೇ ಕೆಲಸ ಅದೇಯ ಅಂದಿದ್ರಿ. ಅಂಗೇ ಮಾಡಿದ್ರಿ. ನಿನ್ನೆ ನೀವು ಹೊಂಟಿದ್ದೀವಿ ಅಂತಿದ್ದಂಗೇ ನಂಗೊತ್ತಾಗೋಯ್ತು. ಹೆತ್ತ ಮಗನೂ ಇಂಗೆ ಮಾತು ಉಳಿಸ್ಕೊಳ್ಳಾಕಿಲ್ಲ.”

ಓಮ್ನಿ ರಸ್ತೆ ಬಿಟ್ಟು ಪಕ್ಕದ ಕಬ್ಬಿನ ಗದ್ದೆ ಕಡೆ ಹೊರಟಿತ್ತು, ಹೇಗೋ ಎಳೆದು ತಂದೆ. ಕನ್ನಡಿಯಲ್ಲಿ ಚಿಕ್ಕಸ್ವಾಮಿ ಕಂಡ. ಕರ್ಚೀಫಿನಿಂದ ಕತ್ತಿನ ಬೆವರು ಒತ್ತಿಕೊಳ್ಳುತ್ತಾ, ಕಾಲರು ಸರಿ ಮಾಡಿಕೊಳ್ಳುತ್ತಾ, ಕಿಟಕಿಯಾಚೆ ನೋಡುತ್ತಿದ್ದ.

“ಹೇಳಿ” ಎಂದಳು ರಮ್ಯ, ತುಟಿ ಅಲ್ಲಾಡಿಸದೆ.

“ನಿಮ್ಮಪ್ಪ, ನೀನೇ ಹೇಳು.”

“ಮಾತು ಕೊಟ್ಟೋರು ನೀವು.”

“ತಾಯಿ, ಈ ಟ್ಯೂಬು ಯಾತಕ್ಕೆ?” ಎಂದು ಮಾವ ಮೊಮ್ಮಗಳನ್ನು ಕೇಳಿದರು. ಸಿಂಚನ ಬಾಯಿ ತೆರೆಯುವ ಮೊದಲೇ ರಮ್ಯ, “ಉಡ್ಗಿ ಮನೆ ಪಕ್ಕ ಕಾಲುವೆ ಐತೆ ಕಣಪ್ಪ” ಅಂದುಬಿಟ್ಟಳು. ನನ್ನನ್ನು ಸುಳ್ಳ ಎನ್ನುವ ಹೆಂಗಸು! ಅಲ್ಲಿಗೆ ಸತ್ಯ ಹೇಳುವ ಕೊನೆಯ ದಾರಿಯೂ ಮುಚ್ಚಿತು.

ಪಾಲಹಳ್ಳಿ ದಾಟಿ ಪಾರ್ಕಿನ ಮುಂದೆ ಗಾಡಿ ನಿಲ್ಲಿಸಿದೆ. ನನ್ನ ಗ್ರಹಚಾರಕ್ಕೆ ಅವತ್ತು ಪಾರ್ಕು ಮತ್ತೆ ತೆರೆದ ಮೊದಲ ದಿನ. ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ, ಬೋರ್ಡೇ ಕಾಣದಷ್ಟು ಚೆಂಡುಹೂವಿನ ಹಾರ. ಸ್ಪೀಕರಿನಲ್ಲಿ ನಾದಸ್ವರ.

“ಅಯ್ಯೋ ಸಿವ್ನೆ, ಎಣ್ಣು ನೋಡೋಕೇ ಛತ್ರ ಇಡ್ದವ್ರಲ್ಲ” ಎಂದರು ಅತ್ತೆ.

“ದೊಡ್ಡ ಕುಳ” ಎಂದರು ಮಾವ, ಪಂಚೆ ಸರಿ ಮಾಡಿಕೊಂಡು.

ಬಾಗಿಲಲ್ಲಿ ಮೇಜಿನ ಹಿಂದೆ ಮಾಸ್ಕು ಹಾಕಿದ ಹುಡುಗಿಯೊಬ್ಬಳು ನಿಂತಿದ್ದಳು. ಕೊರೊನಾ ನಿಯಮದಂತೆ ಕೈ ಕುಲುಕುವ ಹಾಗಿಲ್ಲವಲ್ಲ, ಎರಡೂ ಕೈ ಜೋಡಿಸಿ, ತಲೆ ಬಗ್ಗಿಸಿ ನಮಸ್ಕಾರ ಮಾಡಿದಳು. ಅತ್ತೆ ನನ್ನ ಕಡೆ ತಿರುಗಿ ಕಣ್ಣಲ್ಲೇ ಭೇಷ್ ಅಂದರು. ಹುಡುಗಿ ಒಬ್ಬೊಬ್ಬರ ಕೈಗೂ ಸ್ಯಾನಿಟೈಸರ್ ಹಾಕಿದಳು.

“ಬಂದೋರಿಗೆ ಮೊದ್ಲು ಕೈಗೆ ನೀರು ಕೊಟ್ಲು. ಎಷ್ಟು ಮರ್ಯಾದೆ ಕಲ್ಸವ್ರೆ ನೋಡಿ” ಎಂದರು ಅತ್ತೆ.

ಮೊದಲ ದಿನದ ಅತಿಥಿಗಳೆಂದು ಹುಡುಗಿ ಒಬ್ಬೊಬ್ಬರಿಗೂ ಒಂದು ಗುಲಾಬಿ ಕೊಟ್ಟಳು. ಚಿಕ್ಕಸ್ವಾಮಿ ಎರಡೂ ಕೈ ಚಾಚಿ ತೆಗೆದುಕೊಂಡ. ಆಮೇಲೆ ಅವಳು ಜ್ವರ ನೋಡುವ ಯಂತ್ರ ಎತ್ತಿ ಅವನ ಹಣೆಗೆ ಹಿಡಿದಳು. ಮಾವ ಉಸಿರು ಬಿಗಿಹಿಡಿದು ನಿಂತರು.

“ನಾರ್ಮಲ್” ಎಂದಳು ಹುಡುಗಿ.

“ಉಡ್ಗನ್ನ ಪರೀಕ್ಷೆ ಮಾಡಿ ಒಪ್ಕೊಂಡ್ರು” ಎಂದು ಮಾವ ಅತ್ತೆಯ ಕಿವಿಯಲ್ಲಿ ಹೇಳಿದರು. ಅವರ ಕಿವಿಮಾತು ಟಿಕೆಟ್ ಕೌಂಟರಿನವರೆಗೂ ಕೇಳುತ್ತದೆ.

“ತಾತ, ಲಸಿಕೆ ಆಗಿದ್ಯಾ?”

“ಎಲ್ಲಾರ್ದೂ ಎರಡೂ ಆಗೈತೆ ಕಣವ್ವ. ನಮ್ಮ ಮನೇಲಿ ಯಾವ ಕಾಯ್ಲೆನೂ ಇಲ್ಲ, ವಂಶದಲ್ಲೇ ಇಲ್ಲ. ನಿಂದು ಯಾವೂರು ಮಗಾ?”

“ಹೊಣಕೆರೆ ಹತ್ರ ತಾತ.”

“ಒಳ್ಳೆ ಜನ ಇರೋ ಕಡೆ. ಒಸಿ ಮಾಸ್ಕು ತೆಗಿ ಮಗಾ, ಮುಖ ನೋಡಾಣ.”

“ತೆಗೆಯೋ ಹಾಗಿಲ್ಲ ತಾತ, ರೂಲ್ಸು.”

“ನಾಚ್ಕೆ” ಎಂದರು ಅತ್ತೆ ತೃಪ್ತಿಯಿಂದ. ಚೀಲ ಬಿಚ್ಚಿ ಮೇಜಿನ ಮೇಲೆ ಎಲೆಯಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಮೊಳ ಮಲ್ಲಿಗೆ ಜೋಡಿಸತೊಡಗಿದರು. ನಮ್ಮ ಹಿಂದೆ ಕ್ಯೂ ಬೆಳೆಯುತ್ತಿತ್ತು.

ಅಷ್ಟರಲ್ಲಿ ಸೆಕ್ಯುರಿಟಿಯವನು ಬಂದ. “ಹೊರಗಿಂದು ಏನೂ ಒಳಕ್ಕೆ ಬಿಡಲ್ಲ. ಕಾಯಿ, ಹಣ್ಣು ಎಲ್ಲ ವಾಪಸ್ ತಗೊಂಡು ಹೋಗಿ.”

ಮಾವನ ಮುಖದ ಬಣ್ಣ ಇಳಿಯಿತು. ಹೆಣ್ಣಿನ ಮನೆ ಬಾಗಿಲಲ್ಲಿ ಕಾಯಿ ಹಣ್ಣು ವಾಪಸು ಕಳಿಸುವುದೆಂದರೆ ಏನು ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. “ಇನ್ನೂ ಮಾತೇ ಆಡಿಲ್ವಲ್ಲಪ್ಪ” ಅಂದರು. ದನಿ ಸಣ್ಣಗಾಗಿತ್ತು.

ಚಿಕ್ಕಸ್ವಾಮಿ ಗುಲಾಬಿಯನ್ನು ಮೆಲ್ಲಗೆ ಮೇಜಿನ ಮೇಲೆ ವಾಪಸು ಇಟ್ಟ. “ಬುಡಪ್ಪ, ಹೋಗಾಣ. ನಂಗೇನು ಇದು ಹೊಸ್ದಾ?”

ಅವನು ಕೂಗಾಡಿದ್ದರೆ ನಾನು ಇನ್ನೂ ಸ್ವಲ್ಪ ಹೊತ್ತು ಗುಟ್ಟು ಕಾಯುತ್ತಿದ್ದೆನೋ ಏನೋ. ಆ ಮೆತ್ತಗಿನ ಮಾತು ಕೇಳಿ ತಡೆಯಲಾಗಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

“ಮಾವ, ಇದು ಹೆಣ್ಣಿನ ಮನೆ ಅಲ್ಲ. ನೀರಾಟ ಆಡೋ ಪಾರ್ಕು. ಈ ಹುಡುಗಿ ಇಲ್ಲಿ ಕೆಲಸಕ್ಕವ್ಳೆ. ಬಂದೋರಿಗೆಲ್ಲ ಇಂಗೇ ಮಾಡ್ತಾಳೆ. ನಾನು ಹೆಣ್ಣೇ ಹುಡುಕಿಲ್ಲ. ನಿಮಗೆ ಹೇಳ್ದೆ ಕದ್ದು ಬರಾಣ ಅಂತ ಹೊಂಟಿದ್ದೆ.”

ಬಯ್ಗುಳಕ್ಕೆ ತಲೆ ಬಗ್ಗಿಸಿ ನಿಂತೆ.

ಮಾವ ಕೇಳಿದರು: “ಅಂಗಾದ್ರೆ, ನಮ್ಮುಡ್ಗನ್ನ ಯಾರೂ ಬ್ಯಾಡ ಅಂದಿಲ್ಲ?”

“ಇಲ್ಲ ಮಾವ.”

“ಬರೀ ತೆಂಗಿನಕಾಯಿ ಬ್ಯಾಡ ಅಂದವ್ರೆ?”

“ಹೂಂ.”

ಅವರು ದೊಡ್ಡದಾಗಿ ಉಸಿರು ಬಿಟ್ಟು ಪಕ್ಕದ ಬೆಂಚಿನ ಮೇಲೆ ಕೂತರು. ಆಮೇಲೆ ನನ್ನನ್ನು ನೋಡಿದರು. “ನಿಮ್ಮ ವಿಷ್ಯ ಮನೆಗೋಗಿ ಮಾತಾಡಾಣ.”

ಎಲ್ಲವನ್ನೂ ಕೇಳಿಸಿಕೊಂಡ ಹುಡುಗಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾ ಕಾಲರಿನೊಳಗಿಂದ ತಾಳಿ ಎಳೆದು ತೋರಿಸಿದಳು. “ತಾತ, ನಂಗೆ ಮದ್ವೆ ಆಗಿ ಒಂದು ಮಗೀನೂ ಐತೆ.” ನಂತರ ಚಿಕ್ಕಸ್ವಾಮಿಯ ಕಡೆ ತಿರುಗಿದಳು. “ಅಣ್ಣ, ನೀವೇನ್ ಮಾಡ್ಕೊಂಡಿದ್ದೀರಿ?”

“ಬ್ಯಾಸಾಯ” ಎಂದ ಅವನು, ಪೊಲೀಸ್ ಠಾಣೆಯಲ್ಲಿ ತಪ್ಪೊಪ್ಪಿಕೊಳ್ಳುವವನ ಹಾಗೆ. “ಮೊದ್ಲೇ ಹೇಳ್ಬುಡ್ತೀನಿ. ಹಸು ಅವೆ.”

“ನಮ್ಮತ್ತೆಯೋರ ಅಣ್ಣನ ಮಗಳು ಬಿಂಡಿಗನವಿಲೇಲಿ ಅವ್ಳೆ. ಕುರಿ ಸಾಕೋಳು. ಟೌನಿನ ಗಂಡು ಬ್ಯಾಡ, ಬೆಳಗ್ಗೆ ಕೊಟ್ಟಿಗೆಗೆ ಎದ್ದೋಗೋ ಗಂಡೇ ಬೇಕು ಅಂತ ಕೂತವ್ಳೆ. ಮನೆಯೋರಿಗೆ ಸಾಕಾಗೋಗೈತೆ. ಇರಿ, ಈ ಕ್ಯೂ ಕರಗ್ಲಿ, ಫೋನ್ ಮಾಡ್ತೀನಿ.”

ಮಾವ ಬೆಂಚಿನಿಂದ ಎದ್ದ ವೇಗಕ್ಕೆ ಪಂಚೆ ಕಾಲಿಗೆ ತೊಡರಿತು. ನಾನೂ ಮಾತುಕತೆಗೆ ಸೇರೋಣವೆಂದು ಮುಂದೆ ಬಂದರೆ, “ನೀವು ಮಗೀನ ಕರ್ಕೊಂಡೋಗಿ ನೀರಾಟ ಆಡ್ಕೊಳ್ಳಿ ಹೋಗಿ. ಇಲ್ಲಿ ದೊಡ್ಡೋರ ಕೆಲಸ ಐತೆ” ಎಂದರು. ನಲವತ್ತು ದಾಟಿದ ನಾನು ಟ್ಯೂಬು ಹಿಡಿದುಕೊಂಡು ಒಳಗೆ ಹೋದೆ.

ಒಳಗೆ ಪಂಚೆ ಲುಂಗಿಯಲ್ಲಿ ನೀರಿಗಿಳಿಯುವ ಹಾಗಿಲ್ಲ, ನೈಲಾನ್ ಚಡ್ಡಿಯೇ ಆಗಬೇಕು. ಕೊರೊನಾ ಅಂತ ಬಾಡಿಗೆ ಬಟ್ಟೆ ಅರ್ಧ ಒಗೆಯಲು ಹೋಗಿತ್ತು. ನನ್ನ ಅಳತೆಗೆ ಉಳಿದಿದ್ದು ಒಂದೇ. ಅದರ ಮೇಲೆಲ್ಲ ಹಳದಿ ಬಾತುಕೋಳಿಗಳು. ರಮ್ಯ ನನ್ನನ್ನು ನೋಡಿ ಗೋಡೆ ಹಿಡಿದುಕೊಂಡಳು. ಆದರೂ ಮಗಳ ಜೊತೆ ಜಾರುಬಂಡಿಯಲ್ಲಿ ಜಾರಿ ನೀರಿಗೆ ಬಿದ್ದಾಗ, ಅಷ್ಟು ಕಾಲ ಮನೆಯಲ್ಲಿ ಕೊಳೆತದ್ದೆಲ್ಲ ತೊಳೆದುಹೋದಂತೆ ಹಗುರವಾಯಿತು. ಸಿಂಚನ ಕೇಕೆ ಹಾಕುತ್ತಿದ್ದಳು. ಅವಳ ಟ್ಯೂಬನ್ನು ನಾನೇ ಸೊಂಟಕ್ಕೆ ಹಾಕಿಕೊಂಡೆ. ಹೊಟ್ಟೆಯವರೆಗೆ ಬಂದದ್ದು ಅಲ್ಲೇ ಸಿಕ್ಕಿಕೊಂಡಿತು.

ಆಗ ಸ್ಪೀಕರು ಕೂಗಿತು: “ಪಾಂಡವಪುರದ ಮರಿಸ್ವಾಮಿಯವರು ಕೂಡಲೇ ಮುಖ್ಯ ಬಾಗಿಲಿಗೆ ಬರಬೇಕು.”

ಮಾವನಿಗೆ ಏನಾಯಿತೋ ಎಂದು ನೀರಿನಿಂದ ಎದ್ದು ಓಡಿದೆ. ನೀರಿನಿಂದಾಚೆ ಮಾಸ್ಕು ಕಡ್ಡಾಯವೆಂದು ಕಾವಲಿನವನು ದಾರಿಯಲ್ಲಿ ತಡೆದದ್ದರಿಂದ ಅದನ್ನೊಂದು ಮುಖಕ್ಕೆ ಏರಿಸಿಕೊಂಡೆ. ಬಾಗಿಲಿಗೆ ಬಂದರೆ ಮಾವ ಗಟ್ಟಿಮುಟ್ಟಾಗಿ ನಿಂತು, ಹುಡುಗಿಯ ಮೊಬೈಲನ್ನು ಚಾಚಿದ ಕೈಯಲ್ಲಿ ಹಿಡಿದು ಮಾತಾಡುತ್ತಿದ್ದರು.

“ನಮ್ಮ ಅಳಿಯಂದ್ರು ಅಂತ ಹೇಳಿದ್ನಲ್ಲ, ಪಾಂಡವಪುರದಾಗೆ ದೊಡ್ಡ ಅಂಗಡಿ, ಮೂರು ಹೋಬಳಿಗೆ ಗೊಬ್ಬರ ಇವರ್ದೇ, ಭಾಳ ತೂಕದ ಮನುಷ್ಯ. ಇಕ ಬಂದ್ರು, ನೋಡಿ” ಎಂದು ಮೊಬೈಲನ್ನು ನನ್ನ ಕಡೆ ತಿರುಗಿಸಿದರು.

ಪರದೆಯ ಮೇಲೆ ಬಿಂಡಿಗನವಿಲೆಯ ಒಂದು ಮನೆಯ ಹಿರಿಯರೆಲ್ಲ ಸಾಲಾಗಿ ಕೂತಿದ್ದರು. ಕನ್ನಡಕದ ಮುದುಕಿಯೊಬ್ಬಳು ಹತ್ತಿರ ಬಗ್ಗಿ ನೋಡಿದಳು. ಅವರಿಗೆ ಕಂಡದ್ದು ಒಂದು ಮಾಸ್ಕು, ಅದರ ಕೆಳಗೆ ತೊಟ್ಟಿಕ್ಕುವ ಬರಿಮೈ, ಅದರ ಕೆಳಗೆ ಗುಲಾಬಿ ಬಣ್ಣದ ಟ್ಯೂಬು, ಅದರ ಕೆಳಗೆ ಬಾತುಕೋಳಿಗಳು. ನಾನು ಭಕ್ತಿಯಿಂದ ಕೈ ಮುಗಿದೆ. ಬಾಗಿಲ ಹಿಂದಿನಿಂದ ಇಣುಕುತ್ತಿದ್ದ ಹುಡುಗಿಯೊಬ್ಬಳು ದುಪ್ಪಟ ಬಾಯಿಗೆ ಒತ್ತಿಕೊಂಡು ಒಳಗೆ ಓಡಿಹೋದಳು.

ವಾಪಸು ಬರುವಾಗ ಗಾಡಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಚಿಕ್ಕಸ್ವಾಮಿ ಕುರಿಗೂ ಹಸುವಿಗೂ ಒಂದೇ ಕೊಟ್ಟಿಗೆ ಸಾಲುವುದಿಲ್ಲ, ಇನ್ನೊಂದು ಕಟ್ಟಬೇಕು ಎಂದು ಲೆಕ್ಕ ಹಾಕುತ್ತಿದ್ದ. ಅವನ ದನಿಯಲ್ಲಿ ಅಂಥ ಉತ್ಸಾಹ ನಾನು ಕೇಳಿ ಯಾವ ಕಾಲವಾಗಿತ್ತೋ. ಹೇಗಾದರಾಗಲಿ, ನನ್ನಿಂದಲೇ ಅಲ್ಲವೇ ಇದೆಲ್ಲ ಕೂಡಿಬಂದದ್ದು ಎಂದು ನನ್ನ ಎದೆಯೂ ನಿಧಾನವಾಗಿ ಉಬ್ಬಿತು. ಗಂಟಲು ಸರಿ ಮಾಡಿಕೊಂಡು ಕೇಳಿದೆ.

“ಬರೋ ಭಾನುವಾರ ಬಿಂಡಿಗನವಿಲೆಗೆ ಎಷ್ಟೊತ್ತಿಗೆ ಹೊರಡಾಣ ಮಾವ?”

ಮಾವ ಕೆಮ್ಮಿದರು. ಅತ್ತೆ ಕಿಟಕಿ ಕಡೆ ತಿರುಗಿದರು.

“ನೋಡಿ ಅಳಿಯಂದ್ರೆ, ಅವರಿಗೆ ಎಲ್ಲಾ ಒಪ್ಪಿಗೆ ಆಗೈತೆ. ಉಡ್ಗ ರೈತ ಅಂದ್ರೂ ಒಪ್ಪವ್ರೆ, ವಯಸ್ಸು ಹೇಳಿದ್ರೂ ಒಪ್ಪವ್ರೆ. ಒಂದೇ ಒಂದು ಕೇಳ್ಕೊಂಡವ್ರೆ. ಆ ಬಾತುಕೋಳಿ ಚಡ್ಡಿಯೋರು ಬರೋದು ಬ್ಯಾಡ ಅಂತ. ನೀವು ಶನಿವಾರವೇ ಗಾಡಿ ಕೀ ಕೊಟ್ಟುಬುಡಿ, ಸಾಕು.”